ಹೊಸ್ತಿಲು ದಾಟುವ ಓದು

ನಾನು ಸಣ್ಣವನಿದ್ದಾಗ ನಮ್ಮ ಮನೆಯ ರೇಡಿಯೋ ಪೆಟ್ಟಿಗೆಗೆ ಎರಡು ನಾಲಿಗೆ ಇದ್ದವು. ಊರು ಚಿಕ್ಕೋಡಿ. ಮುಳ್ಳು ಒಂದು ಕಡೆ ನಿಂತರೆ ಧಾರವಾಡ, ತುಸು ಹೊರಳಿಸಿದರೆ ಸಾಂಗಲಿ. ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಸಾಂಗಲಿಯದು ಆಮೇಲೆ, 1960ರ ದಶಕದಲ್ಲಿ. ಅಪ್ಪ ಧಾರವಾಡ ಹಚ್ಚಿ ವಾರ್ತೆ ಕೇಳುವರು. ಅವರು ಹೊಲದ ಹಾದಿ ಹಿಡಿದ ಕೂಡಲೇ ಅವ್ವ ಮುಳ್ಳು ಹೊರಳಿಸಿ, ಸಾಂಗಲಿಯ ಮರಾಠಿ ಅಭಂಗ ಹಚ್ಚಿ, ಜೋಳ ಹಸನು ಮಾಡಲು ಕೂಡುವಳು. ಅವ್ವನಿಗೆ ಮರಾಠಿ ಓದಲು ಬಾರದು. ಕನ್ನಡ ಓದೂ ಅಷ್ಟಕ್ಕಷ್ಟೆ. ಆದರೂ ಯಾವ ಅಭಂಗದ ಯಾವ ಸಾಲಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಇವತ್ತು ನಾನು ಹೇಳಬೇಕೆಂದಿರುವುದು ಭಾಷೆ ಕಲಿಯುವ ಒಂದು ದಾರಿಯ ವಿಚಾರ. ನಾಲ್ಕಾರು ಜನ ಕೂಡಿ, ಒಂದು ಕಾದಂಬರಿ ಹಿಡಿದು, ಪಾಳಿಯ ಮೇಲೆ ಗಟ್ಟಿಯಾಗಿ ಓದಿ, ಓದಿದ್ದರ ಬಗ್ಗೆ ಅದೇ ಭಾಷೆಯಲ್ಲಿ ವಾದ ಮಾಡಿ ಕಲಿಯುವ ದಾರಿ. ನಾವು ಹಾಗೆ ಕಲಿಯಹೊರಟದ್ದು ಮರಾಠಿ.

“ನಿಮ್ಮ ಕಡೆಯವರಿಗೆ ಮರಾಠಿ ಕಲಿಸಬೇಕೇನ್ರಿ? ಮೀನಿಗೆ ಈಜು ಕಲಿಸಿದಂಗಾತು” ಎಂದು ನೀವು ನಗಬಹುದು. ನಗುವ ಮಾತೇ ಹೌದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳಲ್ಲಿ ಒಂದೇ ಭಾಷೆಯಲ್ಲಿ ಬಾಳ್ವೆ ಮಾಡಿದವರು ಕಡಿಮೆ. ನಿಪ್ಪಾಣಿಯ ತಂಬಾಕಿನ ವ್ಯಾಪಾರ, ಉಗಾರದ ಸಕ್ಕರೆ ಕಾರ್ಖಾನೆಯ ಮುಂದಿನ ಕಬ್ಬಿನ ಗಾಡಿಗಳ ಸಾಲು, ಚಿಂಚಲಿ ಮಾಯಕ್ಕನ ಜಾತ್ರೆ, ಎಲ್ಲೇ ಹೋದರೂ ಮಾತು ಅರ್ಧ ದಾರಿಯಲ್ಲಿ ಮಗ್ಗಲು ಬದಲಿಸುತ್ತದೆ. ಅಥಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಲೋಕ ಸುತ್ತುತ್ತದೆ. ಭೌಗೋಳಿಕ ಗುರುತಿನ ಪಟ್ಟಿಯಲ್ಲೂ ಆ ಚಪ್ಪಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ, ಕರ್ನಾಟಕದ ನಾಲ್ಕು ಜಿಲ್ಲೆಗೆ ಕೂಡಿಯೇ ಸೇರಿದೆ. ಒಂದು ಕಾಲಿಗೆ ಒಂದು ರಾಜ್ಯ ಅಂತ ಚಪ್ಪಲಿ ಹಂಚಲಿಕ್ಕೆ ಬರುವುದಿಲ್ಲ ನೋಡಿ.

ನನಗೂ ಮರಾಠಿ ಬರುತ್ತದೆ ಎಂದೇ ನಾನು ಐವತ್ತು ವರ್ಷ ನಂಬಿದ್ದೆ. ದರ ಕೇಳಲು ಬರುತ್ತಿತ್ತು, ಚೌಕಾಸಿ ಮಾಡಲು ಬರುತ್ತಿತ್ತು, ಬಸ್ಸಿನಲ್ಲಿ ಸೀಟಿಗಾಗಿ ಜಗಳಾಡಲಿಕ್ಕೂ ಬರುತ್ತಿತ್ತು. ಆ ನಂಬಿಕೆ ಮುರಿದದ್ದು ಒಂದು ಸಾವಿನ ಮನೆಯಲ್ಲಿ.

ನಮ್ಮ ಮಗ್ಗುಲ ಮನೆಯವರದು ಮರಾಠಿ. ಆ ಮನೆಯ ಹಿರಿಯರು ಒಂದು ಬೆಳಗಿನ ಜಾವ ತೀರಿಕೊಂಡರು. ಹೋದೆ. ಅವರ ಹೆಂಡತಿ, ನಾವೆಲ್ಲ ಅಜ್ಜಿ ಎಂದು ಕರೆಯುವವರು, ಗೋಡೆಗೆ ಒರಗಿ ಕೂತಿದ್ದರು. ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ. “ಫಾರ ವಾಈಟ ಝಾಲಂ” ಎಂದೆ. ಬಹಳ ಕೆಟ್ಟದ್ದಾಯಿತು ಎಂದು ಅರ್ಥ. ಅಲ್ಲಿಗೆ ನನ್ನ ಮರಾಠಿ ಮುಗಿಯಿತು. ಈರುಳ್ಳಿಯ ದರ ಬಿದ್ದಾಗಲೂ ನಾನು ಸಂತೆಯಲ್ಲಿ ಹೇಳುತ್ತಿದ್ದದ್ದು ಅದೇ ಮಾತು. ಮೂವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿ ಬಾಳಿದ ಹೆಣ್ಣುಮಗಳಿಗೆ ಹೇಳಲು ನನ್ನ ಹತ್ತಿರ ಬೇರೊಂದು ವಾಕ್ಯ ಇರಲಿಲ್ಲ. ನನಗೆ ಬರುತ್ತಿದ್ದ ಮರಾಠಿ ಅವರ ಹೊಸ್ತಿಲ ತನಕ ಬಂದು ನಿಲ್ಲುವ ಮರಾಠಿ ಎಂಬುದು ಆ ದಿನ ಗೊತ್ತಾಯಿತು.

ಈ ಹೊಸ್ತಿಲ ವಿಷಯವನ್ನು ವಿದ್ವಾಂಸರು ಬಹಳ ಹಿಂದೆಯೇ ಕಂಡಿದ್ದಾರೆ. ಕಾಗವಾಡ ದಾಟಿ ಮಿರಜ, ಸಾಂಗಲಿಯ ಕಡೆ ಹೋದರೆ ಕುಪವಾಡ ಎಂಬ ಊರಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಆ ಊರಿನ ಮಾತಿನ ಅಧ್ಯಯನ ಮಾಡಿ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಜಗತ್ತಿನ ಭಾಷಾಶಾಸ್ತ್ರದ ತರಗತಿಗಳಲ್ಲಿ ಇವತ್ತಿಗೂ ಅದನ್ನು ಓದಿಸುತ್ತಾರೆ. ಊರಿನಲ್ಲಿ ಜೈನರದು ಕನ್ನಡ, ಮುಸಲ್ಮಾನರದು ಉರ್ದು, ಇನ್ನೂ ಕೆಲವರದು ಮರಾಠಿ, ಸ್ವಲ್ಪ ತೆಲುಗು. ನೂರಾರು ವರ್ಷ ಒಂದೇ ಬಾವಿಯ ನೀರು ಕುಡಿದು ಈ ಭಾಷೆಗಳ ವಾಕ್ಯದ ಚೌಕಟ್ಟು ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು. ಶಬ್ದ ಕಿತ್ತು ಶಬ್ದ ಇಟ್ಟರೆ ಕನ್ನಡ ವಾಕ್ಯ ಮರಾಠಿಯಾಗುತ್ತಿತ್ತು, ಮರಾಠಿ ಉರ್ದುವಾಗುತ್ತಿತ್ತು. ಆದರೆ ಶಬ್ದಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದಿದ್ದವು. ಕಾರಣ, ಹೊರಗೆ ಎಷ್ಟು ಭಾಷೆ ಆಡಿದರೂ ಮನೆಯೊಳಗೆ ಪ್ರತಿಯೊಬ್ಬರೂ ತಮ್ಮದೇ ಮಾತು ಆಡುತ್ತಿದ್ದರು. ಭಾಷೆ ಓಣಿಯಲ್ಲೆಲ್ಲ ತಿರುಗಾಡಿತು. ಇನ್ನೊಬ್ಬರ ಅಡುಗೆಮನೆಗೆ ಹೋಗಲಿಲ್ಲ.

ಅಡುಗೆಮನೆಗೆ ನಮ್ಮನ್ನು ಕರೆದೊಯ್ಯುವವರು ಯಾರು? ಪಾಠದ ಪುಸ್ತಕ ಅಂಗಡಿಗೆ ಕರೆದೊಯ್ಯುತ್ತದೆ, ರೈಲು ನಿಲ್ದಾಣಕ್ಕೆ ಕರೆದೊಯ್ಯುತ್ತದೆ. ಗಂಡ ಹೆಂಡಿರ ಮಾತು, ತಾಯಿ ಮಕ್ಕಳ ಮುನಿಸು, ಸಾಲದವ ಬಂದಾಗಿನ ಪಿಸುಮಾತು, ಸತ್ತ ಮನೆಯ ಸಮಾಧಾನ ಇವೆಲ್ಲ ಇರುವುದು ಕಾದಂಬರಿಯಲ್ಲಿ. ಅದರ ಹೆಸರೇ ಒಂದು ಶುಭಶಕುನ. ಬಾಣಭಟ್ಟನ ಕಥಾನಾಯಕಿಯ ಹೆಸರನ್ನು ಕನ್ನಡದವರೂ ಮರಾಠಿಯವರೂ ಈ ಸಾಹಿತ್ಯ ಪ್ರಕಾರಕ್ಕೇ ಇಟ್ಟುಬಿಟ್ಟರು. ಇಬ್ಬರಿಗೂ ಅದು ಕಾದಂಬರಿ. ಹಿಂದಿಯವರು ಇದನ್ನು ಉಪನ್ಯಾಸ ಎನ್ನುತ್ತಾರೆ. ನಮ್ಮಲ್ಲಿ ಉಪನ್ಯಾಸವೆಂದರೆ ನಾನು ಈಗ ಮಾಡುತ್ತಿರುವುದು!

ಪುಸ್ತಕ ಹಿಡಿದು ಭಾಷೆ ಕಲಿತವರ ಕತೆಗಳು ಹೊರಗಿನ ಲೋಕದಲ್ಲೂ ಇವೆ. ಜೋಸೆಫ್ ಜಾಕೋಟೊ ಎಂಬ ಫ್ರೆಂಚ್ ಮೇಷ್ಟ್ರು 1818ರಲ್ಲಿ ಇಂದಿನ ಬೆಲ್ಜಿಯಂ ದೇಶದ ಲೂವೆನ್ ಪಟ್ಟಣದಲ್ಲಿ ಪಾಠ ಹೇಳಬೇಕಾಯಿತು. ವಿದ್ಯಾರ್ಥಿಗಳಿಗೆ ಫ್ರೆಂಚ್ ಬಾರದು, ಮೇಷ್ಟ್ರಿಗೆ ಅವರ ಫ್ಲೆಮಿಶ್ ಬಾರದು. ಆಗ ಬ್ರಸೆಲ್ಸ್‌ನಲ್ಲಿ ಫೆನೆಲೋನನ ‘ಟೆಲಿಮಾಕ್’ ಎಂಬ ಹಳೆಯ ಗದ್ಯಕಥೆಯ ದ್ವಿಭಾಷಾ ಮುದ್ರಣ ಸಿಗುತ್ತಿತ್ತು. ಒಂದು ಕಡೆ ಫ್ರೆಂಚ್, ಇನ್ನೊಂದು ಕಡೆ ಅವರ ಭಾಷೆ. ದುಭಾಷಿಯ ಮೂಲಕ ಆತ ಹೇಳಿಕಳಿಸಿದ್ದು ಇಷ್ಟೆ: ಅನುವಾದ ಪಕ್ಕದಲ್ಲಿಟ್ಟುಕೊಂಡು ಫ್ರೆಂಚನ್ನು ಓದಿ, ಮತ್ತೆ ಮತ್ತೆ ಓದಿ, ಆಮೇಲೆ ಓದಿದ್ದರ ಬಗ್ಗೆ ನಿಮಗೇನನ್ನಿಸಿತೋ ಅದನ್ನು ಫ್ರೆಂಚಿನಲ್ಲೇ ಬರೆಯಿರಿ. ವ್ಯಾಕರಣದ ಒಂದು ಸೂತ್ರವನ್ನೂ ಆತ ವಿವರಿಸಿರಲಿಲ್ಲ. ಬರೆದು ತಂದಾಗ ನೋಡಿ ಬೆರಗಾದ. ಎರಡು ಭಾಷೆಯ ಒಂದು ಪುಸ್ತಕ ಮೇಷ್ಟ್ರ ಕೆಲಸ ಮಾಡಿತ್ತು.

ನಮ್ಮ ಕಾಲದ ಜುಂಪಾ ಲಾಹಿರಿಯದು ಇನ್ನೊಂದು ಬಗೆ. ಮನೆಮಾತು ಬಂಗಾಳಿ, ಬರವಣಿಗೆ ಇಂಗ್ಲಿಷ್, ಮನಸ್ಸು ಬಿದ್ದದ್ದು ಇಟಾಲಿಯನ್ ಮೇಲೆ. ಮೇಷ್ಟ್ರುಗಳ ಹತ್ತಿರ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡರೂ ಆ ಭಾಷೆ ಕೈಗೆ ಹತ್ತಲಿಲ್ಲ. ಕೊನೆಗೆ ಇಟಾಲಿಯನ್ ಬಿಟ್ಟು ಬೇರೇನೂ ಓದುವುದಿಲ್ಲ ಎಂದು ನೇಮ ಹಿಡಿದು, 2012ರಲ್ಲಿ ಸಂಸಾರ ಸಮೇತ ರೋಮ್ ನಗರಕ್ಕೇ ಹೋಗಿ ನೆಲೆಸಿದರು. 2015ರಲ್ಲಿ ಇಟಾಲಿಯನ್‌ನಲ್ಲೇ ಒಂದು ಪುಸ್ತಕ ಬಂತು, 2018ರಲ್ಲಿ ಕಾದಂಬರಿಯೂ ಬಂತು. ಅವರಿಗೆ ಭಾಷೆಗಾಗಿ ಸಮುದ್ರ ದಾಟಬೇಕಾಯಿತು. ನನಗೆ ದಾಟಬೇಕಾದದ್ದು ಒಂದು ಗೋಡೆ.

ನಾವು ಕೂಡಿದ್ದು ಐದು ಜನ. ನಾನು, ನಿವೃತ್ತ ಕನ್ನಡ ಶಿಕ್ಷಕರೊಬ್ಬರು, ಬಿ.ಎಡ್. ಓದುವ ಹೆಣ್ಣುಮಗಳು, ಮರಾಠಿ ಶಾಲೆಯಲ್ಲಿ ಓದಿ ಈಗ ಬಟ್ಟೆ ಅಂಗಡಿಯಲ್ಲಿ ದುಡಿಯುವ ಹುಡುಗ, ಮತ್ತು ಅವನ ಗೆಳೆಯ. ಜಾಗ, ನಮ್ಮ ಮನೆಯ ಕಟ್ಟೆ. ಹೊತ್ತು, ದೀಪ ಹಚ್ಚಿದ ಮೇಲೆ ಒಂದು ತಾಸು. ಅಕ್ಷರ ನಮಗೆ ಕಷ್ಟವಾಗಲಿಲ್ಲ. ಶಾಲೆಯ ಹಿಂದಿ ದೇವನಾಗರಿಯನ್ನು ಕಲಿಸಿತ್ತು. ಹಿಂದಿಯಲ್ಲಿ ಕಾಣದ ‘ಳ’ ಮರಾಠಿಯಲ್ಲಿ ಎದುರಾದಾಗ ಪರವೂರಿನ ಬಸ್ ನಿಲ್ದಾಣದಲ್ಲಿ ನಮ್ಮೂರವನು ಸಿಕ್ಕಷ್ಟು ಖುಷಿಯಾಯಿತು.

ಯಾವ ಪುಸ್ತಕ? ಶಿಕ್ಷಕರು ಶಿವಾಜಿ ಮಹಾರಾಜರ ಮೇಲಿನ ದೊಡ್ಡ ಐತಿಹಾಸಿಕ ಕಾದಂಬರಿ ಓದೋಣ ಎಂದರು. ಬಟ್ಟೆ ಅಂಗಡಿಯ ಹುಡುಗ ತಲೆ ಅಲ್ಲಾಡಿಸಿದ: “ಆ ಮರಾಠಿ ಈಗ ಯಾರೂ ಮಾತಾಡಂಗಿಲ್ಲ ಸರ್. ಅದನ್ನ ಕಲ್ತು ಅಂಗಡ್ಯಾಗ ಮಾತಾಡಿದ್ರ ಗಿರಾಕಿ ಕೈ ಮುಗೀತಾವ.” ಈ ಮಾತಿನಲ್ಲಿ ತಿಳಿವಳಿಕೆ ಇದೆ. ಭಾಷೆ ಕಲಿಯಲು ನಮ್ಮ ಕಾಲದ, ನಮಗೆ ಅರ್ಧ ಗೊತ್ತಿರುವ ಲೋಕದ ಕಾದಂಬರಿ ಬೇಕು. ಅರ್ಧ ಗೊತ್ತಿರುವ ಲೋಕ ಉಳಿದರ್ಧದ ಶಬ್ದಗಳಿಗೆ ದೀಪ ಹಿಡಿಯುತ್ತದೆ.

ಆರಿಸಿಕೊಂಡದ್ದು ರಾಜನ್ ಗವಸ ಅವರ ‘ಚೌಂಡಕ’. ಗವಸರು ನಿಪ್ಪಾಣಿ, ಸಂಕೇಶ್ವರಗಳ ಮಗ್ಗುಲಿನ ಗಡಹಿಂಗ್ಲಜ ಸೀಮೆಯವರು. ‘ತಣಕಟ’ ಎಂಬ ಕಾದಂಬರಿಗೆ 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ‘ಚೌಂಡಕ’ 1985ರದು. ದೇವಿಗೆ ಬಿಟ್ಟ ಹೆಣ್ಣುಮಗಳೊಬ್ಬಳ ಬಾಳು ಅದರ ವಸ್ತು. ಆ ದೇವಿ ಯಾರು? ನಮ್ಮದೇ ಜಿಲ್ಲೆಯ ಸವದತ್ತಿಯ ಎಲ್ಲಮ್ಮ. ಇದನ್ನೂ ಇದೇ ಲೇಖಕರ ‘ಭಂಡಾರಭೋಗ’ವನ್ನೂ, ಚಾರುತಾ ಸಾಗರರ ಕತೆಯೊಂದನ್ನೂ ಕೂಡಿಸಿ 2009ರಲ್ಲಿ ‘ಜೋಗವಾ’ ಎಂಬ ಮರಾಠಿ ಸಿನೆಮಾ ಬಂತು. ನಿಮ್ಮಲ್ಲಿ ಕೆಲವರು ನೋಡಿರಬಹುದು.

ಪುಸ್ತಕ ತೆರೆದಾಗ ನಡೆದದ್ದು ಕೇಳಿ. ಚೌಂಡಕ ಎಂದರೆ ನಮ್ಮ ಜೋಗತಿಯರು ಬಾರಿಸುವ ಚೌಡಿಕೆ. ಜೋಗತೀಣ ಎಂದರೆ ಜೋಗತಿ, ಜೋಗತಾ ಎಂದರೆ ಜೋಗಪ್ಪ. ಪರಡೀ ಎಂದರೆ ನಾವು ಹುಣ್ಣಿಮೆಗೆ ತುಂಬುವ ಹಡ್ಡಲಿಗೆ. ಭಂಡಾರ ಎರಡೂ ಕಡೆ ಭಂಡಾರವೇ. ಭಕ್ತರ “ಉಧೋ ಉಧೋ” ಎಂಬ ಕೂಗಿಗಂತೂ ಅನುವಾದದ ಅಗತ್ಯವೇ ಇಲ್ಲ. ನಮ್ಮ ದೇವಿ, ನಮ್ಮ ಗುಡ್ಡ, ನಮ್ಮ ವಾದ್ಯ ಇನ್ನೊಂದು ಭಾಷೆಯ ಒಳಕೋಣೆಯಲ್ಲಿ ಕೂತಿದ್ದವು. ಗೊತ್ತಿದ್ದ ಶಬ್ದ ಹಿಡಿದು ಗೊತ್ತಿಲ್ಲದ್ದಕ್ಕೆ ಕೈ ಚಾಚುತ್ತ ಹೋದೆವು, ಹಗ್ಗ ಹಿಡಿದು ಬಾವಿಗೆ ಇಳಿದಂತೆ.

ಮೂರು ನೇಮ ಮಾಡಿಕೊಂಡಿದ್ದೆವು. ಒಂದು, ಪಾಳಿಯ ಮೇಲೆ ಎಲ್ಲರೂ ಗಟ್ಟಿಯಾಗಿ ಓದಬೇಕು. ಎರಡು, ಪುಟ ಮುಗಿಯುವ ತನಕ ನಿಘಂಟು ಮುಟ್ಟಬಾರದು. ಮೊದಲು ಊಹೆ, ಆಮೇಲೆ ನಿಘಂಟು. ಮೂರು, ಚರ್ಚೆ ಮರಾಠಿಯಲ್ಲೇ ಆಗಬೇಕು. ಶಬ್ದ ಸಿಗದಿದ್ದರೆ ಅಲ್ಲೊಂದು ಕನ್ನಡ ಶಬ್ದ ತುರುಕಬಹುದು, ವಾಕ್ಯ ಮಾತ್ರ ನಿಲ್ಲಿಸಬಾರದು. ಕುಪವಾಡದ ಜನ ನೂರಾರು ವರ್ಷ ಮಾಡಿದ್ದನ್ನು ನಾವು ನಮ್ಮ ಕಟ್ಟೆಯ ಮೇಲೆ ಮಾಡಿದೆವು. ಚೌಕಟ್ಟು ಒಂದೇ ಇದ್ದುದರಿಂದ ಒಂದು ಇಟ್ಟಿಗೆ ಬೇರೆ ಬಣ್ಣದ್ದಾದರೂ ಗೋಡೆ ಬೀಳಲಿಲ್ಲ.

ಗಟ್ಟಿಯಾಗಿ ಓದಬೇಕು ಎಂಬುದಕ್ಕೆ ಕಾರಣ ಇದೆ. ಮರಾಠಿಯ ‘ಚ’ ಅಕ್ಷರ ಒಂದೇ, ಉಚ್ಚಾರ ಎರಡು. ನಾಲ್ಕು ಎಂಬರ್ಥದ ‘ಚಾರ’ದಲ್ಲಿ ಅದು ನಮ್ಮ ಚಕಾರ. ಕಳ್ಳ ಎಂಬರ್ಥದ ‘ಚೋರ’ದಲ್ಲಿ ನಾಲಿಗೆಯ ತುದಿ ಹಲ್ಲಿಗೆ ತಾಗಿ ‘ತ್ಸೋರ’ ಆಗುತ್ತದೆ. ಪುಸ್ತಕ ಇದನ್ನು ಹೇಳುವುದಿಲ್ಲ; ಕಿವಿ ಹೇಳಬೇಕು. ಮನಸ್ಸಿನೊಳಗೆ ಓದಿಕೊಂಡರೆ ಎಲ್ಲ ಕಳ್ಳರೂ ಕನ್ನಡ ಕಳ್ಳರೇ ಆಗಿ ಉಳಿಯುತ್ತಾರೆ.

ಇನ್ನು ಲಿಂಗದ ಗೊಡವೆ. ನಮಗೆ ಗಂಡಸು ಗಂಡು, ಹೆಂಗಸು ಹೆಣ್ಣು, ಉಳಿದದ್ದೆಲ್ಲ ಅದು, ಇದು. ಮರಾಠಿಯಲ್ಲಿ ರಸ್ತೆ ಗಂಡು, ಗಾಡಿ ಹೆಣ್ಣು, ಮನೆ ನಪುಂಸಕ. ತೋ ರಸ್ತಾ, ತೀ ಗಾಡೀ, ತೇ ಘರ. ಹೊಲದಲ್ಲಿ ಬೆಳೆದ ಕಬ್ಬು ಗಂಡು, ಒಲೆಯ ಮೇಲಿನ ಭಾಕರಿ ಹೆಣ್ಣು. ನಾನು ‘ಮಾಝಾ ಗಾಡೀ’ ಎಂದಾಗಲೆಲ್ಲ ಗೋಡೆಯಾಚೆಯಿಂದ ನಗು ಕೇಳುತ್ತಿತ್ತು. ಆ ನಗು ಯಾರದೆಂದು ಮುಂದೆ ಹೇಳುತ್ತೇನೆ. ಸಮಾಧಾನದ ಸಂಗತಿಯೂ ಒಂದಿದೆ. ಮರಾಠಿಯಲ್ಲಿ ಮಗು ‘ತೇ ಮೂಲ’, ನಪುಂಸಕ. ನಾವೂ ಕೂಸು ಅಳತದ, ಕೂಸು ನಗತದ ಎನ್ನುತ್ತೇವಲ್ಲ. ತೊಟ್ಟಿಲ ಹತ್ತಿರ ಎರಡೂ ಭಾಷೆಯ ವ್ಯಾಕರಣ ಒಂದಾಗುತ್ತದೆ.

ನಿಜವಾದ ತೊಡಕು ಎಂದರೆ ಮುಖ ಪರಿಚಯವಿದ್ದು ಗುಣ ಬೇರೆಯಾದ ಶಬ್ದಗಳು. ಒಂದು ಕಡೆ ‘ಸಂಭ್ರಮ’ ಎಂದು ಬಂತು. ಹಬ್ಬ ಬಂತೆಂದು ನಾನು ಹಿಗ್ಗಿದೆ. ಮರಾಠಿಯಲ್ಲಿ ಸಂಭ್ರಮವೆಂದರೆ ಗೊಂದಲ! ‘ಅವಘಡ’ ಕಂಡು ಯಾರಿಗೆ ಏನಾಯಿತೋ ಎಂದು ಗಾಬರಿಯಾದರೆ, ಅಲ್ಲಿ ಅದರ ಅರ್ಥ ಕಠಿಣ ಎಂದಷ್ಟೆ. ‘ರಾಗ’ ಬಂದರೆ ಹಾಡು ಶುರುವಾಯಿತೆಂದು ತಿಳಿಯಬೇಡಿ, ಅದು ಸಿಟ್ಟು. ‘ಅಭ್ಯಾಸ’ ಚಟವಲ್ಲ, ಓದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಮರಾಠಿಯಲ್ಲಿ ಆಈ ಎಂದರೆ ಹೆತ್ತವ್ವ. ಒಂದು ತಲೆಮಾರೇ ತಪ್ಪಿಹೋಗುತ್ತದೆ. ಇಂಥ ಒಂದು ಶಬ್ದಕ್ಕೆ ಎಡವಿದವನು ಅದನ್ನು ಸಾಯುವ ತನಕ ಮರೆಯುವುದಿಲ್ಲ, ಏಕೆಂದರೆ ನಾಲ್ಕು ಜನ ನಕ್ಕಿರುತ್ತಾರೆ. ಕೂಡಿ ಓದುವುದರ ದೊಡ್ಡ ಲಾಭ ಈ ನಗು.

ಹೀಗೆ ಎಡವುತ್ತ ಹೋದಾಗ ಕಾಲಿಗೆ ನಿಧಿಯೂ ತಾಗುತ್ತದೆ. ಮರಾಠಿಯ ತುಪ್ಪ ‘ತೂಪ’, ಅಡಿಕೆ ಕತ್ತರಿಸುವ ‘ಅಡಕಿತ್ತಾ’, ಅಣ್ಣಾ, ಅಕ್ಕಾ ಇವೆಲ್ಲ ಕನ್ನಡದ ಮನೆಯಿಂದ ಹೋದವು ಎನ್ನುತ್ತಾರೆ ಬಲ್ಲವರು. ನಾವು ತಿಂಗಳಿಗೊಮ್ಮೆ ಎಣಿಸುವ ಪಗಾರ, ಪಲ್ಯಕ್ಕೆ ಹಾಕುವ ಬಟಾಟಿ ಮರಾಠಿಯ ಕೈಯಿಂದ ನಮಗೆ ಬಂದವು. ಅವನ್ನು ಮರಾಠಿಗೆ ಕೊಟ್ಟವರು ಪೋರ್ಚುಗೀಸರು. ಹತ್ತೊಂಬತ್ತಕ್ಕೆ ಮರಾಠಿಯಲ್ಲಿ ‘ಏಕೋಣೀಸ’, ಒಂದು ಕಡಿಮೆ ಇಪ್ಪತ್ತು. ಎಂಥ ಸುತ್ತುಬಳಸಿನ ಲೆಕ್ಕ ಎಂದು ನಾವು ನಗುತ್ತಿದ್ದಾಗ ಶಿಕ್ಷಕರು ತಡೆದರು: ನಮ್ಮ ‘ಒಂಬತ್ತು’ ಏನು? ಒಂದು ಕಡಿಮೆ ಹತ್ತು ಎಂದೇ ಭಾಷಾಶಾಸ್ತ್ರಜ್ಞರು ಅದನ್ನು ಬಿಡಿಸುತ್ತಾರೆ. ಇನ್ನೊಬ್ಬರ ಭಾಷೆಯಲ್ಲಿ ವಿಚಿತ್ರವೆಂದು ಕಂಡದ್ದು ನಮ್ಮ ಕಿಸೆಯಲ್ಲೇ ಇತ್ತು.

ಆದರೆ ಶಬ್ದ ಕಲಿತರೆ ಭಾಷೆ ಬಂದಂತಲ್ಲ. ಭಾಷೆ ಬಂದದ್ದು ಚರ್ಚೆಯಲ್ಲಿ. ಸಂತೆಯ ಮರಾಠಿಯಲ್ಲಿ ನಾನು ದರದ ಮೇಲೆ ತಕರಾರು ಮಾಡಬಲ್ಲವನಾಗಿದ್ದೆ. ಒಂದು ಪಾತ್ರ ಮಾಡಿದ್ದು ಸರಿಯೋ ತಪ್ಪೋ ಎಂದು ತಕರಾರು ಮಾಡುವುದು ಬೇರೆಯೇ ವಿದ್ಯೆ. ದೇವಿಗೆ ಮಗಳನ್ನು ಬಿಟ್ಟ ತಂದೆತಾಯಿಯ ಮೇಲೆ ಬಿ.ಎಡ್. ಓದುವ ಹೆಣ್ಣುಮಗಳು ಕೆಂಡವಾದಳು. ಶಿಕ್ಷಕರು ಬಡತನದ ಮಾತೆತ್ತಿದರು. ಬಟ್ಟೆ 
ಅಂಗಡಿಯ ಹುಡುಗ ಊರ ಹಿರಿಯರನ್ನು ದೂರಿದ. ಕರ್ನಾಟಕದಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸಿ ಕಾಯಿದೆ ಬಂದದ್ದು 1982ರಲ್ಲಿ. ಕಾಯಿದೆ ಬಂದ ಮೇಲೂ ಇಂಥ ಕಾದಂಬರಿ ಏಕೆ ಬರೆಯಬೇಕಾಯಿತು ಎಂದು ನಾನು ಕೇಳಿದೆ. “ಮಲಾ ನಾಹೀ ಪಟತ”, ಅಂದರೆ ಈ ಮಾತು ನನಗೆ ಒಪ್ಪಿಗೆಯಿಲ್ಲ, ಎಂಬ ವಾಕ್ಯ ಅಂದು ಎಷ್ಟು ಸಲ ಬಂತೋ. ಸಿಟ್ಟು ಬಂದಾಗ ವ್ಯಾಕರಣ ಮರೆಯುತ್ತೇವೆ, ಮರೆತಾಗ ನಾಲಿಗೆ ತಾನೇ ದಾರಿ ಹುಡುಕುತ್ತದೆ. ಆ ತಾಸಿನಲ್ಲಿ ನಾನು ಮರಾಠಿಯಲ್ಲಿ ಮಾತಾಡುತ್ತಿದ್ದೇನೆ ಎಂಬುದೇ ನನಗೆ ಮರೆತುಹೋಗಿತ್ತು.

ಇದೇ ಕೆಲಸವನ್ನು ಇಡೀ ಆಯುಷ್ಯ ಮಾಡಿದ ದಂಪತಿಯನ್ನು ಇಲ್ಲಿ ನೆನೆಯಬೇಕು. ಉಮಾ ಕುಲಕರ್ಣಿಯವರು ಬೆಳಗಾವಿಯವರು, ಮರಾಠಿಯಲ್ಲಿ ಬೆಳೆದವರು. ಅವರನ್ನು ಕೈಹಿಡಿದ ವಿರೂಪಾಕ್ಷ ಕುಲಕರ್ಣಿಯವರದು ಕನ್ನಡ. ಸಂಸಾರ ಹೂಡಿದ್ದು ಪುಣೆಯಲ್ಲಿ. ಕನ್ನಡ ಕಾದಂಬರಿಯನ್ನು ಗಂಡ ಗಟ್ಟಿಯಾಗಿ ಓದುವುದು, ಹೆಂಡತಿ ಕಿವಿಯಿಂದ ಕೇಳಿ, ಚರ್ಚಿಸಿ, ಮರಾಠಿಯಲ್ಲಿ ಬರೆಯುವುದು. ಕಾರಂತರೂ ಭೈರಪ್ಪನವರೂ ಮರಾಠಿಯ ಮನೆಮನೆಗೆ ಹೋದದ್ದರಲ್ಲಿ ಈ ಜೋಡಿ ಓದಿನ ಪಾಲು ದೊಡ್ಡದು. ವಿರೂಪಾಕ್ಷರು ಮರಾಠಿಯದನ್ನು ಕನ್ನಡಕ್ಕೆ ತಂದರು. ಉಮಾ ಅವರ ಆತ್ಮಕಥೆಯ ಹೆಸರು ‘ಸಂವಾದು ಅನುವಾದು’. ಹೆಸರಿನಲ್ಲೇ ಕ್ರಮ ಇದೆ ನೋಡಿ: ಮೊದಲು ಸಂವಾದ, ಆಮೇಲೆ ಅನುವಾದ. ಒಬ್ಬರು ಓದಿ ಒಬ್ಬರು ಕೇಳುವ ಎರಡೇ ಜನರ ಈ ಬಳಗ ಎರಡು ಭಾಷೆಗಳಿಗೆ ಸೇತುವೆಯಾಯಿತು. ಧಾರವಾಡದ ಬೇಂದ್ರೆಯವರ ಮನೆಮಾತೂ ಮರಾಠಿಯೇ ಆಗಿತ್ತೆಂಬುದನ್ನು ನೆನೆದರೆ, ಈ ಹೊಸ್ತಿಲನ್ನು ದಾಟಿದವರ ಹೆಜ್ಜೆಗುರುತು ಎಷ್ಟು ಹಳೆಯದೆಂದು ತಿಳಿಯುತ್ತದೆ.

ನಮ್ಮ ಐದು ತಾಲ್ಲೂಕುಗಳಲ್ಲಿ ಈ ಓದಿಗೆ ಸಾಮಗ್ರಿಯ ಬರವಿಲ್ಲ. ನಿಪ್ಪಾಣಿಯಲ್ಲಿ ಮಹಾದೇವ ಮೋರೆ ಇದ್ದರು. ಹಿಟ್ಟಿನ ಗಿರಣಿ ನಡೆಸುತ್ತ, ತಂಬಾಕಿನ ವಖಾರಿಯಲ್ಲಿ ದುಡಿಯುವವರ, ಬೀಡಿ ಕಟ್ಟುವವರ, ಗಾಡಿ ಓಡಿಸುವವರ ಬದುಕನ್ನು ಮರಾಠಿಯಲ್ಲಿ ಬರೆಯುತ್ತ ಬಂದವರು, 2024ರಲ್ಲಿ ತೀರಿಕೊಂಡರು. ಗಡಿಸೀಮೆಯ ಮಾತಿನ ರುಚಿ ಅವರ ಬರಹದ ತುಂಬ ಇದೆ. ಅವರ ಒಂದು ಕಾದಂಬರಿಯ ಹೆಸರು ‘ಏಕೋಣಿಸಾವೀ ಜಾತ’, ಹತ್ತೊಂಬತ್ತನೆಯ ಜಾತಿ. ಹದಿನೆಂಟು ಜಾತಿ ಎಂಬ ನುಡಿ ನಮ್ಮಲ್ಲೂ ಇರುವುದರಿಂದ ಆ ಹೆಸರಿನ ಚುಚ್ಚು ನಮಗೆ ಕೂಡಲೇ ತಾಗುತ್ತದೆ. ಕಾಗವಾಡ ತಾಲ್ಲೂಕಿನ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಬರೆದರು. ಆ ಸೀಮೆಯ ಒಕ್ಕಲು ಮನೆಗಳು ಆಡುಮಾತಿನ ಸಮೇತ ಕನ್ನಡ ಕಾದಂಬರಿಯೊಳಗೆ ಬಂದು ಕೂತದ್ದು ಅವರಿಂದ.

ಹೀಗೆ ಮರಾಠಿಯದೊಂದು, ಕನ್ನಡದ್ದೊಂದು ಜೋಡಿಯಾಗಿ ಓದಬೇಕು ಎಂಬುದು ನನ್ನ ಸೂಚನೆ. ನಮಗೆ ಮರಾಠಿ ಹೇಳಿಕೊಟ್ಟ ಬಟ್ಟೆ ಅಂಗಡಿಯ ಹುಡುಗನಿಗೆ ಕನ್ನಡ ಸರಾಗ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತಾನೆ. ಮರಾಠಿ ಶಾಲೆಯಲ್ಲಿ ಓದಿದ ಎಷ್ಟೋ ಮಕ್ಕಳ ಪಾಡು ಇದೇ. ಅಕ್ಷರ ಗೊತ್ತು, ಅಕ್ಷರದ ಮೇಲೆ ಪ್ರೀತಿ ಹುಟ್ಟಿಲ್ಲ. ಕನ್ನಡ ಅವರಿಗೆ ಪರೀಕ್ಷೆಯ ವಿಷಯ, ಅರ್ಜಿಯ ಭಾಷೆ. ‘ಚೌಂಡಕ’ ಮುಗಿದ ಮೇಲೆ ನಾವು ‘ನಿಸರ್ಗ’ ಹಿಡಿದದ್ದು ಅವನಿಗಾಗಿ. ಅಜ್ಜನ ಬಾಯಲ್ಲಿ ಕೇಳಿದ ಮಾತನ್ನು ಅಚ್ಚಿನಲ್ಲಿ ಕಂಡು ಆ ಹುಡುಗ ತಡೆದು ನಿಂತ. “ಹಿಂಗ ಬರೀಲಿಕ್ಕೆ ನಡೀತದೇನ್ರಿ ಸರ್? ಇದು ನಮ್ಮ ಹೊಲದ ಮಾತು” ಎಂದ. ಅವತ್ತು ಅವನು ಪಾಳಿ ಮುಗಿದರೂ ಪುಸ್ತಕ ಕೆಳಗಿಡಲಿಲ್ಲ.

ನೀವೂ ಶುರು ಮಾಡಬಹುದು. ಎರಡು ಜನರಿದ್ದರೂ ಸಾಕು, ಆದರೆ ಒಬ್ಬರಿಗಾದರೂ ಅದು ತಾಯಿನುಡಿಯಾಗಿರಲಿ. ಸಾಧ್ಯವಿದ್ದರೆ ಅನುವಾದದ ಪ್ರತಿಯನ್ನೂ ಮಗ್ಗುಲಲ್ಲಿ ಇಟ್ಟುಕೊಳ್ಳಿ. ಚಂದ್ರಕಾಂತ ಪೋಕಳೆಯವರಂಥವರು ಮರಾಠಿಯ ಹತ್ತಾರು ಪುಸ್ತಕ ಕನ್ನಡಕ್ಕೆ ತಂದಿದ್ದಾರೆ. ಮೂಲ, ಅನುವಾದ ಎರಡೂ ತೊಡೆಯ ಮೇಲಿದ್ದರೆ ಜಾಕೋಟೊ ಮೇಷ್ಟ್ರ ತರಗತಿ ನಿಮ್ಮ ಕಟ್ಟೆಗೇ ಬರುತ್ತದೆ. ತೆಳ್ಳನೆಯ ಪುಸ್ತಕ ಆರಿಸಿ. ಮೊದಲ ವಾರ ಒಂದು ತಾಸಿಗೆ ಒಂದು ಪುಟವಾದರೂ ಬೇಸರ ಬೇಡ. ತಪ್ಪನ್ನು ತಿದ್ದಿ, ನಗಿ, ಅಣಕಿಸಬೇಡಿ.

ಇನ್ನು ಗೋಡೆಯಾಚೆಯ ನಗುವಿನ ವಿಚಾರ. ನೀವು ಊಹಿಸಿರಬಹುದು, ಅದು ಆ ಅಜ್ಜಿಯದು. ಮೊದಮೊದಲು ತಮ್ಮ ಅಂಗಳದಲ್ಲಿ ಕೂತು ಕೇಳುತ್ತಿದ್ದರು. ಆಮೇಲೆ ಗೋಡೆಯ ಮೇಲಿಂದ ಲಿಂಗ ತಿದ್ದಲು ಶುರು ಮಾಡಿದರು. ಒಂದು ಸಂಜೆ ಕೈಯಲ್ಲಿ ಮಣೆ ಹಿಡಿದು ಕಟ್ಟೆಗೇ ಬಂದು ಕೂತರು. ಎಲ್ಲಮ್ಮನ ಗುಡ್ಡಕ್ಕೆ ಗಂಡನ ಜೊತೆ ಚಕ್ಕಡಿಯಲ್ಲಿ ಹೋದದ್ದನ್ನು ಹೇಳಿದರು. ಸಾವಿನ ಮನೆಯಲ್ಲಿ ನಾನು ಆಡಲಾರದೆ ಉಳಿದ ಮಾತನ್ನು ಅವರೇ ಆಡುತ್ತಿದ್ದರು. ಈ ಸಲ ನನಗೆ ಎಲ್ಲವೂ ತಿಳಿಯುತ್ತಿತ್ತು. ನಡುವೆ ಎರಡು ಪ್ರಶ್ನೆ ಕೇಳುವುದೂ ಸಾಧ್ಯವಾಯಿತು.

ಏಳುವ ಹೊತ್ತಿಗೆ ನಾನು, “ಉದ್ಯಾ ಆಮ್ಹೀ ಪುಢೇ ವಾಚೂ” ಎಂದೆ. ನಾಳೆ ನಾವು ಮುಂದೆ ಓದೋಣ ಎಂದು ನನ್ನ ಅರ್ಥ. ಅಜ್ಜಿ ತಲೆ ಅಲ್ಲಾಡಿಸಿದರು.

ಮರಾಠಿಯಲ್ಲಿ ‘ನಾವು’ ಎಂಬುದಕ್ಕೆ ಎರಡು ಶಬ್ದ. ‘ಆಮ್ಹೀ’ ಎಂದರೆ ನಾವು, ನೀವು ಹೊರಗೆ. ‘ಆಪಣ’ ಎಂದರೆ ನಾವು, ನೀವೂ ಕೂಡಿ. ಇಂಥ ಭೇದ ತಮಿಳು, ತೆಲುಗಿನಲ್ಲಿದೆ. ಮರಾಠಿಗೆ ಇದು ದ್ರಾವಿಡ ಭಾಷೆಗಳ ಒಡನಾಟದಿಂದ ಬಂದಿರಬೇಕೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ವಿಚಿತ್ರ ನೋಡಿ, ನಮ್ಮ ಇಂದಿನ ಕನ್ನಡ ಅದನ್ನು ಕಳೆದುಕೊಂಡು ಎಲ್ಲಕ್ಕೂ ಒಂದೇ ‘ನಾವು’ ಎನ್ನುತ್ತದೆ. ಭಾಷಾವಾರು ರಾಜ್ಯಗಳಾದ 1956ರಿಂದ ಈಚೆಗೆ ಗಡಿಯ ಎರಡೂ ಕಡೆಯ ಭಾಷಣಗಳಲ್ಲಿ ನಾವು ಕೇಳುತ್ತ ಬಂದದ್ದು ಬಹುಪಾಲು ‘ಆಮ್ಹೀ’ಯ ನಾವು.

ಅಜ್ಜಿ ಮಣೆ ಎತ್ತಿಕೊಳ್ಳುತ್ತ, ಗಾಡಿಯ ಲಿಂಗ ತಿದ್ದುವಷ್ಟೇ ಸಹಜವಾಗಿ ಹೇಳಿದರು: “ಆಮ್ಹೀ ನಾಹೀ ರೇ. ಆಪಣ. ಉದ್ಯಾ ಆಪಣ ಪುಢೇ ವಾಚೂ.”

ಮರುದಿನ ಅವರ ಪಾಳಿಯೇ ಮೊದಲು ಬಂತು.